ಗೊತ್ತಿರುವ ಬೆಕ್ಕು

ಪಡುಹಿತ್ಲು ಬಂದರಿನ ಪಶು ಚಿಕಿತ್ಸಾಲಯಕ್ಕೆ ಮೂಗು ಬಂದು ಎರಡು ವರ್ಷವಾಗಿತ್ತು. ಅದಕ್ಕೊಂದು ಉದ್ದನೆಯ ಸರ್ಕಾರಿ ಹೆಸರಿತ್ತು. ಊರಿನವರು ನೋಡಿದ ದಿನವೇ ಆ ಹೆಸರನ್ನು ಬದಿಗಿಟ್ಟು ಮೂಗು ಎಂದು ಕರೆದರು. ಅದು ಮಾಡುತ್ತಿದ್ದದ್ದೂ ಮೂಸುವುದಷ್ಟೇ ತಾನೆ. ಮೀನಿನ ಬುಟ್ಟಿ ಕವುಚಿಟ್ಟಷ್ಟು ದೊಡ್ಡ ಗಾಜಿನ ಗುಮ್ಮಟ. ಅದರೊಳಗೆ ಬೆಕ್ಕನ್ನು ಕೂರಿಸಿ ಮೂರು ನಿಮಿಷ ಕಾದರೆ ಸಾಕು. ಬೆಕ್ಕು ಬಿಟ್ಟ ಉಸಿರಿನಲ್ಲಿ ಏನೇನು ವಾಸನೆಯಿದೆ ಎಂದು ಯಂತ್ರ ಬಿಡಿಸಿ ನೋಡಿ, ತನ್ನ ನೆನಪಿನಲ್ಲಿರುವ ನಲವತ್ತು ಲಕ್ಷ ಬೆಕ್ಕುಗಳ ಉಸಿರಿನೊಡನೆ ಹೋಲಿಸಿ, ಸೊನ್ನೆಯಿಂದ ನೂರರೊಳಗೆ ಒಂದು ಅಂಕ ಕೊಡುತ್ತಿತ್ತು. ಅರವತ್ತರ ಕೆಳಗಿದ್ದರೆ ಹಸಿರು ದೀಪ. ಅರವತ್ತು ದಾಟಿದರೆ ಹಳದಿ, ಎಂಬತ್ತು ದಾಟಿದರೆ ಕೆಂಪು. ಸೂಜಿಯಿಲ್ಲ, ರಕ್ತವಿಲ್ಲ, ಪರಚಿಸಿಕೊಳ್ಳುವ ಭಯವಿಲ್ಲ. ಮೂರು ತಾಲೂಕಿಗೆ ಒಬ್ಬರೇ ಪಶುವೈದ್ಯರಿದ್ದ ಕಾಲದಲ್ಲಿ ಇನ್ನೇನು ಬೇಕು?

ಮೂಗಿನ ಬೆನ್ನಿಗೇ ಕರುಣೆಯ ಪಟ್ಟಿ ಬಂತು. ಸಾಲಾಗಿ ಮೂರು ಭೇಟಿಗಳಲ್ಲಿ ಅಂಕ ಅರವತ್ತು ದಾಟಿದ ಪ್ರಾಣಿ ಆ ಪಟ್ಟಿಗೆ ಸೇರುತ್ತಿತ್ತು. ಸೇರಿದ ಏಳು ದಿನದೊಳಗೆ ಅದನ್ನು ನೋವಿಲ್ಲದೆ ಸಾಯಿಸುವ ಚುಚ್ಚುಮದ್ದಿಗೆ ಒಪ್ಪಿಸಬೇಕು. ಈ ನಿಯಮ ಮಾಡಿದವರು ಕೆಟ್ಟವರೇನಲ್ಲ. ನರಳಿ ನರಳಿ ಸಾಯುವ ಪ್ರಾಣಿಗಳನ್ನು ಕಂಡು ಕರುಳು ಚುರುಕ್ಕೆಂದವರೇ ಮಾಡಿದ್ದು. ಕೆಟ್ಟವರು ಮಾಡಿದ್ದಾಗಿದ್ದರೆ ಬೈಯಲಿಕ್ಕಾದರೂ ಸುಲಭವಿತ್ತು.

ಪ್ರಫುಲ್ಲಾ ತಿಂಗಳಾಯಳ ಬೆಕ್ಕಿಗೆ ಮೊದಲ ಭೇಟಿಯಲ್ಲಿ ಅರವತ್ತನಾಲ್ಕು ಬಂದಿತ್ತು. ಎರಡನೆಯದರಲ್ಲಿ ಎಪ್ಪತ್ತೇಳು.

"ಹದಿನೈದು ದಿನದಲ್ಲಿ ಹದಿಮೂರು ಏರಿದೆ," ಎಂದರು ಡಾಕ್ಟರ್ ಜಾನೆಟ್ ಕ್ಯಾಸ್ತೆಲಿನೊ, ಹಳದಿ ದೀಪದಿಂದ ಕಣ್ಣು ಕೀಳದೆ. "ಕಿಡ್ನಿ ಅಂತ ತೋರಿಸ್ತಾ ಉಂಟು. ಕಿಡ್ನಿ ಸೋತ್ರೆ ರಕ್ತದ ಕಸ ಹೊರಗೆ ಹೋಗೂದಿಲ್ಲ ನೋಡಿ, ಉಸಿರಿಗೆ ಒಂಥರಾ ಮೀನಿನ ವಾಸನೆ ಬರ್ತದೆ. ನಮಗೆ ಗೊತ್ತಾಗೂದಿಲ್ಲ, ಇದಕ್ಕೆ ಗೊತ್ತಾಗ್ತದೆ."

"ಮೊನ್ನೆ ಗೋಡೆ ಹಾರಿದೆ ಡಾಕ್ಟ್ರೇ. ಕಾಗೆ ಓಡಿಸಿದೆ."

"ಇವತ್ತು?"

ಇವತ್ತು ಬೆಳಿಗ್ಗೆ ಅದು ಎರಡು ಸಲ ವಾಂತಿ ಮಾಡಿತ್ತು.

"ಮುಂದಿನ ಶನಿವಾರ ಬನ್ನಿ," ಎಂದರು ಡಾಕ್ಟರು. ಅವರೂ ಒಳ್ಳೆಯವರೇ. ಬುಟ್ಟಿಯ ಮುಚ್ಚಳ ಹಾಕುವಾಗ ಬೆಕ್ಕಿನ ಹಣೆಯನ್ನು ಒಂದು ಬೆರಳಿನಿಂದ ತೀಡಿದರು.

ಬೆಕ್ಕಿನ ಹೆಸರು ಬಂಗುಡೆ. ಬೆನ್ನ ಮೇಲೆ ಬಂಗುಡೆ ಮೀನಿನಂಥದೇ ಅಲೆಯಲೆ ಪಟ್ಟೆ. ಒಂಬತ್ತು ವರ್ಷದ ಹಿಂದೆ, ಹನ್ನೊಂದು ದಿನ ಕಡಲಲ್ಲಿದ್ದು ಬಂದ ದೋಣಿಯನ್ನು ರಿಪೇರಿಗೆ ಎಳೆದಾಗ, ಹಗ್ಗದ ಸುರುಳಿಯೊಳಗೆ ಕುಂಯಿಗುಡುತ್ತಿದ್ದ ಈ ಮರಿ ಪ್ರಫುಲ್ಲಾಳ ಗಂಡ ಭುಜಂಗನ ಕೈಗೆ ಸಿಕ್ಕಿತ್ತು. ಭುಜಂಗ ದೋಣಿ ರಿಪೇರಿಯವನು. ಅಂಗಿಯ ಜೇಬಿನಲ್ಲಿಟ್ಟುಕೊಂಡು ಮನೆಗೆ ತಂದ. ಅಂದಿನಿಂದ ಆ ಮನೆಯಲ್ಲಿ ಯಾರು ಎಲ್ಲಿ ಕೂರಬೇಕೆಂದು ತೀರ್ಮಾನಿಸುವುದು ಬಂಗುಡೆಯೇ.

ಈಗ ಅದು ಒಲೆಯ ಪಕ್ಕದ ಗೋಣಿಯ ಮೇಲೆ ಮುದುಡಿ ಮಲಗಿತ್ತು. ಬೆನ್ನೆಲುಬು ಎಣಿಸಬಹುದಿತ್ತು.

"ನೋಡು ಪ್ರಫುಲ್ಲಾ," ಎಂದ ಭುಜಂಗ, ಚಹಾದ ಲೋಟ ಹಿಡಿದು ಅದರ ಪಕ್ಕದಲ್ಲೇ ನೆಲಕ್ಕೆ ಕೂತು. "ಯಂತ್ರ ಹೇಳಿದ್ದು ಕೇಳುವ. ಇದು ಹೀಗೆ ಒದ್ದಾಡೂದು ನಂಗೆ ನೋಡ್ಲಿಕ್ಕೆ ಆಗೂದಿಲ್ಲ."

"ನೋಡ್ಲಿಕ್ಕೆ ಆಗದಿದ್ರೆ ಹೊರಗೆ ಹೋಗಿ ಕೂರಿ. ನಿಮ್ಮ ಕಣ್ಣಿಗೆ ಕಷ್ಟ ಆಗ್ತದೆ ಅಂತ ಅದು ಸಾಯ್ಬೇಕಾ?"

"ನಾನು ಹಾಗೆ ಹೇಳಿದ್ದಲ್ಲ ಮಾರಾಯ್ತಿ."

"ಮತ್ತೆ ಹೇಗೆ ಹೇಳಿದ್ದು?"

ಅವನ ಕಣ್ಣು ತುಂಬಿದ್ದನ್ನು ನೋಡಿ ಪ್ರಫುಲ್ಲಾಳಿಗೆ ಇನ್ನಷ್ಟು ಸಿಟ್ಟು ಬಂತು. ಅಳುವವರ ಜೊತೆ ಜಗಳ ಮಾಡುವುದು ಹೇಗೆ? ಅವಳು ಎದ್ದು ಹೋಗಿ ಒಣ ಮೀನಿನ ಡಬ್ಬಿ ತೆಗೆದಳು. ಬಂಗುಡೆಗೆ ಚಿಕ್ಕಂದಿನಿಂದ ಅನ್ನಕ್ಕೆ ಮೀನಿನ ಸಾರೇ ಜೋಡಿ. ಸೊರಗಿದ ಮೇಲಂತೂ ಪ್ರಫುಲ್ಲಾ ದಿನಕ್ಕೆ ಮೂರು ಹೊತ್ತು ಒಣ ಮೀನು ಕುದಿಸಿ, ಗಟ್ಟಿ ಸಾರು ಬಸಿದು, ಚಮಚದಲ್ಲಿ ಹಿಡಿದು ಕುಡಿಸುತ್ತಿದ್ದಳು. ಚಿಕಿತ್ಸಾಲಯಕ್ಕೆ ಹೊರಡುವ ದಿನ ಇನ್ನೂ ಸ್ವಲ್ಪ ಹೆಚ್ಚು. ಡಾಕ್ಟರ ಎದುರು ಬೆಕ್ಕು ಸ್ವಲ್ಪ ಗಟ್ಟಿಮುಟ್ಟಾಗಿ ಕಾಣಲಿ ಎಂಬ ಆಸೆ.

ಪ್ರಫುಲ್ಲಾ ಸಿಹಿನೀರು ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ ಮಾಡುತ್ತಿದ್ದವಳು. ಕಡಲ ನೀರನ್ನು ಒಂದು ಬದಿಯಿಂದ ಎಳೆದು, ಉಪ್ಪು ಕಳೆದು, ಇನ್ನೊಂದು ಬದಿಯಿಂದ ಊರಿಗೆ ಕುಡಿಯಲು ಬಿಡುವ ಸ್ಥಾವರ ಅದು. ಗೋಡೆ ತುಂಬ ಮೀಟರುಗಳು. ಅವುಗಳೆದುರು ಪ್ರಫುಲ್ಲಾ ಮತ್ತು ಅವಳ ಜೊತೆಗಾರ ಮೊಯ್ದಿನ್ ಕುಂಞಿ. ಮೊಯ್ದಿನ್‌ಗೆ ನಿವೃತ್ತಿಗೆ ಐದೇ ತಿಂಗಳು ಉಳಿದಿತ್ತು. ದಿನಕ್ಕೆ ಐದು ಸಲ ಅದನ್ನು ನೆನಪಿಸುತ್ತಿದ್ದರು.

ಗುರುವಾರ ಬೆಳಗಿನ ಪಾಳಿಯಲ್ಲಿ ಮೂರನೇ ಟ್ಯಾಂಕಿನ ಉಪ್ಪಿನ ಮೀಟರು ಇದ್ದಕ್ಕಿದ್ದಂತೆ ಮೇಲೇರಿತು. ಕೆಂಪು ದೀಪ ಹೊತ್ತಿ ಗಂಟೆ ಬಡಿಯಿತು. ಮೀಟರನ್ನು ನಂಬುವುದಾದರೆ ಅರ್ಧ ಊರಿನ ನೀರು ನಿಲ್ಲಿಸಬೇಕು.

ಮೊಯ್ದಿನ್ ಗಂಟೆ ಆರಿಸಿ, ಮೇಜಿನ ಡ್ರಾಯರಿನಿಂದ ಒಂದು ತಗಡಿನ ಚೀಟಿ ತೆಗೆದು ಆ ಮೀಟರಿನ ಕುತ್ತಿಗೆಗೆ ನೇತುಹಾಕಿದರು. ಹಳದಿ ಬಣ್ಣದ ತಗಡು, ಮೇಲೆ ಕಪ್ಪಕ್ಷರ: ನಂಬಬೇಡಿ. ಕೈಯಿಂದ ಪರೀಕ್ಷಿಸಿ. ಅದು ಆ ಕಂಟ್ರೋಲ್ ರೂಮಿನ ಹಳೇ ಪದ್ಧತಿ. ಅನುಮಾನ ಬಂದ ಮೀಟರಿಗೆ ಚೀಟಿ ಬೀಳುತ್ತದೆ. ಒಮ್ಮೆ ಬಿದ್ದರೆ, ಪರೀಕ್ಷೆಯಾಗದೆ ದೊಡ್ಡ ಎಂಜಿನಿಯರು ಬಂದರೂ ಅದನ್ನು ತೆಗೆಯುವಂತಿಲ್ಲ.

"ಗೊತ್ತಿರುವ ನೀರು ಕೊಡಿ," ಎಂದರು.

ಪ್ರಫುಲ್ಲಾ ಕಪಾಟಿನಿಂದ ಎರಡು ಬಾಟಲಿ ತಂದಳು. ಒಂದರಲ್ಲಿ ಇಷ್ಟೇ ಉಪ್ಪು ಎಂದು ಗೊತ್ತಿರುವ ನೀರು, ಇನ್ನೊಂದರಲ್ಲಿ ಉಪ್ಪೇ ಇಲ್ಲದ ನೀರು. ಮೊಯ್ದಿನ್ ಮೀಟರಿನ ಕಡ್ಡಿಯನ್ನು ಉಪ್ಪಿಲ್ಲದ ನೀರಿಗೆ ಅದ್ದಿದರು. ಕೆಂಪು ದೀಪ ಕದಲಲಿಲ್ಲ.

"ನೋಡಿ, ಸುಳ್ಳು ಬೊಗಳ್ತಾ ಉಂಟು," ಎಂದು ಕಡ್ಡಿಯನ್ನು ಬೆರಳಿನಿಂದ ಒರೆಸಿದರು. ಪಾಚಿ ಹಿಡಿದಿತ್ತು. "ಒಳ್ಳೇ ನೀರಿಗೆ ಎಂತ ಹೇಳ್ತದೆ ಅಂತ ಗೊತ್ತಿಲ್ದೆ ಇದ್ರೆ, ಕೆಟ್ಟ ನೀರಿನ ಬಗ್ಗೆ ಅದು ಹೇಳೂದನ್ನು ಯಾಕೆ ನಂಬಬೇಕು?"

ಪ್ರಫುಲ್ಲಾ ಬಾಟಲಿ ಹಿಡಿದುಕೊಂಡೇ ನಿಂತುಬಿಟ್ಟಳು.

"ಎಂತ ಆಯ್ತು? ತಲೆ ತಿರುಗ್ತದಾ?"

"ಕುಂಞಿಯವರೇ, ನಮ್ಮೂರಲ್ಲಿ ಯಾರಾದ್ರೂ ಆರೋಗ್ಯವಾಗಿರುವ ಬೆಕ್ಕನ್ನು ಡಾಕ್ಟರ ಹತ್ತಿರ ಕರ್ಕೊಂಡು ಹೋಗಿದ್ದಾರಾ?"

"ಮಂಡೆ ಸಮ ಉಂಟಾ ನಿಮಗೆ? ಆರೋಗ್ಯ ಇದ್ರೆ ಡಾಕ್ಟರು ಯಾಕೆ?"

"ಅದೇ," ಎಂದಳು ಪ್ರಫುಲ್ಲಾ. "ಎರಡು ವರ್ಷದಲ್ಲಿ ಒಂದನ್ನೂ ಇಲ್ಲ."

ಮಧ್ಯಾಹ್ನ ಮನೆಗೆ ಬಂದವಳು ಕೈಕಾಲು ತೊಳೆಯುವ ಮೊದಲೇ ಒಲೆಗೆ ಸಾರಿನ ಪಾತ್ರೆ ಇಟ್ಟಳು. ಒಣ ಮೀನು ಕುದಿಯತೊಡಗಿತು. ವಾಸನೆ ಅಡುಗೆಮನೆ ತುಂಬಿತು. ತುಂಬಿತು ಎಂದು ನಾವು ಹೇಳಬೇಕಷ್ಟೆ. ಆ ಊರಿನಲ್ಲಿ ಹುಟ್ಟಿದ ಅವಳಿಗೆ ಆ ವಾಸನೆ ಇದೆ ಎಂದೇ ಅನ್ನಿಸುತ್ತಿರಲಿಲ್ಲ. ಬಂದರಿನಿಂದ ಹಿಡಿದು ಬಸ್‌ ಸ್ಟ್ಯಾಂಡಿನವರೆಗೆ ಎಲ್ಲವೂ ಅದೇ ವಾಸನೆಯಲ್ಲಿ ಮುಳುಗಿರುವಾಗ ಅದನ್ನು ಗಮನಿಸುವವರಾದರೂ ಯಾರು? ಬಂಗುಡೆಯ ಬಾಯಿಗೆ ಚಮಚ ಹಿಡಿದಾಗ ಅದು ಒಂದು ಗುಟುಕು ಕುಡಿದು ಅವಳ ಮುಖಕ್ಕೆ ಸೀನಿತು.

ಆಗ ಅವಳಿಗೆ ಡಾಕ್ಟರ ಮಾತು ನೆನಪಾಯಿತು. ಉಸಿರಿಗೆ ಒಂಥರಾ ಮೀನಿನ ವಾಸನೆ ಬರ್ತದೆ.

ಅವಳು ಚಮಚ ಕೆಳಗಿಟ್ಟಳು. ಮೊದಲ ಭೇಟಿಗೆ ಹೋದ ದಿನ ಎರಡು ಚಮಚ ಸಾರು. ಎರಡನೆಯದಕ್ಕೆ ಹೋಗುವಾಗ ಅರ್ಧ ಬಟ್ಟಲು. ಮೂಗಿನ ನೆನಪಿನಲ್ಲಿರುವ ಆ ನಲವತ್ತು ಲಕ್ಷ ಬೆಕ್ಕುಗಳು ಎಲ್ಲಿಯವೋ, ಪೊಟ್ಟಣದ ಬಿಸ್ಕತ್ತು ತಿಂದು ಬೆಳೆದವುಗಳು. ಅವುಗಳ ಉಸಿರಿನಲ್ಲಿ ಮೀನಿನ ನಾತ ಬಂದರೆ ಕಿಡ್ನಿ ಸೋತಿದೆ ಎಂದರ್ಥ. ಬಂಗುಡೆಯ ಉಸಿರಿನಲ್ಲಿ ಬಂದರೆ ಊಟವಾಗಿದೆ ಎಂದರ್ಥ. ತನ್ನ ಕೈಯಾರೆ, ಪ್ರೀತಿಯಿಂದ, ಚಮಚ ಚಮಚವಾಗಿ ತಾನೇ ಆ ಅಂಕವನ್ನು ಮೇಲೇರಿಸಿದ್ದು ಎಂದು ತಿಳಿದಾಗ ಪ್ರಫುಲ್ಲಾಳಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅವಳು ಪಾತ್ರೆ ಇಳಿಸಿ, ಬರೀ ಅನ್ನ ಹಿಸುಕಿ ಇಟ್ಟಳು. ಬಂಗುಡೆ ಅದನ್ನು ಮೂಸಿ, ಅವಳನ್ನೊಮ್ಮೆ ದುರುಗುಟ್ಟಿ ನೋಡಿ, ಮುಖ ತಿರುಗಿಸಿತು.

ಸಂಜೆ ಅವಳು ಮೀನು ಮಾರ್ಕೆಟ್ಟಿಗೆ ಹೋದಳು. ಲಚ್ಚಿಯಕ್ಕ ಬೂತಾಯಿ ಮೀನಿನ ರಾಶಿಯ ಹಿಂದೆ ಕೂತಿದ್ದಳು. ಎಪ್ಪತ್ತರ ಹೆಂಗಸು, ಮಾರ್ಕೆಟ್ಟಿನ ಯಜಮಾನಿಯೆಂದರೂ ಸರಿಯೇ. ಮೂರು ವಾರದ ಹಿಂದೆ ಅವಳ ಕರಿಯ ಎಂಬ ಬೆಕ್ಕು ಕರುಣೆಯ ಪಟ್ಟಿಗೆ ಸೇರಿ, ಚುಚ್ಚುಮದ್ದಿನಲ್ಲಿ ಸತ್ತಿತ್ತು. ಆಮೇಲೆ ಆಕೆ ಗಿರಾಕಿಗಳೊಡನೆ ಚೌಕಾಸಿ ಮಾಡುವುದನ್ನೇ ಬಿಟ್ಟಿದ್ದಳು.

ಪ್ರಫುಲ್ಲಾ ಎಲ್ಲ ಹೇಳಿದಳು. ಲಚ್ಚಿಯಕ್ಕ ಮೀನಿನ ಮೇಲೆ ಐಸು ಹಾಕುತ್ತ ಕೇಳಿಸಿಕೊಂಡಳು.

"ನಿಂಗೆ ಎಷ್ಟು ಬೆಕ್ಕು ಬೇಕು?" ಎಂದಷ್ಟೇ ಕೇಳಿದಳು.

"ಗಟ್ಟಿಮುಟ್ಟಾಗಿರಬೇಕು. ಒಂದು ಹತ್ತು."

"ಶನಿವಾರ ಎಷ್ಟು ಗಂಟೆಗೆ?"

ಶನಿವಾರ ಹತ್ತು ಗಂಟೆಗೆ ಚಿಕಿತ್ಸಾಲಯದ ಜಗಲಿಯಲ್ಲಿ ಮೀನಿನ ಬುಟ್ಟಿಗಳು ಸಾಲಾಗಿ ಕೂತಿದ್ದವು. ಮುಚ್ಚಳಕ್ಕೆ ಬಲೆ ಬಿಗಿದ ಹನ್ನೊಂದು ಬುಟ್ಟಿಗಳು, ಒಳಗಿನಿಂದ ಹನ್ನೊಂದು ಬಗೆಯ ಬೈಗುಳ. ಮಾರ್ಕೆಟ್ಟಿನ ಹೆಂಗಸರು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದರು. ಹನ್ನೆರಡನೆಯ ಬೆಕ್ಕನ್ನು ಮೊಯ್ದಿನ್ ಕುಂಞಿ ತಂದಿದ್ದರು. ಅದು ರಥಬೀದಿಯ ಪುರಾಣಿಕರ ಮನೆಯ ಬೆಕ್ಕು. ಮೊಸರನ್ನವಲ್ಲದೆ ಬೇರೇನೂ ತಿನ್ನದು. ಹದಿನಾರು ವರ್ಷ, ಒಂದು ಕಣ್ಣು ಕುರುಡು, ಉಸಿರಾಡಿದರೆ ಹಳೇ ಬಾಗಿಲು ತೆರೆದಂತೆ ಸದ್ದು.

"ಒಂದೇ ಬಾಟಲಿಯಲ್ಲಿ ಪರೀಕ್ಷೆ ಆಗೂದಿಲ್ಲ," ಎಂದರು ಮೊಯ್ದಿನ್. "ಉಪ್ಪಿಲ್ಲದ್ದೂ ಬೇಕು."

ಡಾಕ್ಟರ್ ಜಾನೆಟ್ ಹೊರಗೆ ಬಂದು ಬಾಗಿಲಲ್ಲೇ ನಿಂತರು. "ಇದೆಲ್ಲ ಎಂತದು ಪ್ರಫುಲ್ಲಾ?"

"ಗೊತ್ತಿರುವ ಬೆಕ್ಕುಗಳು. ನಿಮ್ಮ ಯಂತ್ರದ ಪರೀಕ್ಷೆ ಮಾಡ್ಲಿಕ್ಕುಂಟು."

"ಹಾಗೆಲ್ಲ ಮಾಡ್ಲಿಕ್ಕೆ ನನಗೆ ಅನುಮತಿ ಇಲ್ಲ. ಇವತ್ತು ಬಂಗುಡೆಯ ಮೂರನೇ ಭೇಟಿ. ಅದನ್ನು ಕೂರಿಸಿ, ಮತ್ತೆ ನೋಡುವ."

"ಬಂಗುಡೆ ಆ ಗಾಜಿನೊಳಗೆ ಹೋಗೂದಿಲ್ಲ."

ಭುಜಂಗ ಹಿಂದಿನಿಂದ ಅವಳ ಕೈ ಜಗ್ಗಿದ. ಬಂಗುಡೆಯ ಬುಟ್ಟಿ ಅವನ ಎದೆಗಪ್ಪಿತ್ತು. ಎರಡು ದಿನದಿಂದ ಅದಕ್ಕೆ ಮೀನು ಹಾಕಿರಲಿಲ್ಲ. "ಪ್ರಫುಲ್ಲಾ, ಇವತ್ತು ಕಡಿಮೆ ಬರಬಹುದು ಅಲ್ವಾ? ಅರವತ್ತಕ್ಕಿಂತ ಕೆಳಗೆ ಬಂದ್ರೆ ಮುಗೀತಲ್ಲ. ಸುಮ್ನೆ ಕೂರಿಸುವ."

ಅವಳಿಗೂ ಆ ಆಸೆ ಬಂದು ಹೋಗಿತ್ತು, ಸುಳ್ಳೇಕೆ. ಹಿಂದಿನ ದಿನವಿಡೀ ಅದನ್ನೇ ಯೋಚಿಸಿದ್ದಳು.

"ಕಡಿಮೆ ಬಂದ್ರೆ ನಂಬೂದಾ?" ಎಂದಳು. "ಕೆಟ್ಟ ಮೀಟರು ನಮಗೆ ಬೇಕಾದ್ದು ಹೇಳಿದ್ರೂ ಅದು ಕೆಟ್ಟ ಮೀಟರೇ. ನಾಳೆ ಇನ್ನೊಬ್ಬರ ಬೆಕ್ಕಿಗೆ ಹೇಳೂದು ಬೇರೆ."

ಹಾಗೆಂದು ಅವಳು ಚೀಲದಿಂದ ಹಳದಿ ತಗಡಿನ ಚೀಟಿ ತೆಗೆದಳು. ಡಾಕ್ಟರನ್ನು ದಾಟಿ ಒಳಗೆ ಹೋಗಿ, ಗಾಜಿನ ಗುಮ್ಮಟದ ಹಿಡಿಗೆ ಅದನ್ನು ನೇತುಹಾಕಿದಳು. ನಂಬಬೇಡಿ. ಕೈಯಿಂದ ಪರೀಕ್ಷಿಸಿ.

"ಇದು ಸರ್ಕಾರದ ಯಂತ್ರ," ಎಂದರು ಡಾಕ್ಟರು. ಧ್ವನಿ ಸಣ್ಣದಾಗಿತ್ತು.

"ನನ್ನ ಮೀಟರುಗಳೂ ಸರ್ಕಾರದ್ದೇ. ಇಪ್ಪತ್ತಾರು ವರ್ಷದಿಂದ ಅವುಗಳ ಸುಳ್ಳು ಹಿಡೀತಾ ಇದ್ದೇನೆ. ನೀವು ಪೊಲೀಸರನ್ನು ಕರೀರಿ ಬೇಕಾದ್ರೆ. ಅವರು ಬರೂದ್ರೊಳಗೆ ಹನ್ನೆರಡು ಬೆಕ್ಕು ಆಗ್ತದೆ."

ಡಾಕ್ಟರು ಫೋನಿನ ಕಡೆ ನೋಡಿದರು. ಆಮೇಲೆ ಬುಟ್ಟಿಗಳ ಕಡೆ ನೋಡಿದರು. ಫೋನು ಇದ್ದಲ್ಲೇ ಉಳಿಯಿತು.

ಮೊದಲಿಗೆ ಕೂತದ್ದು ಮಾರ್ಕೆಟ್ಟಿನ ಗಂಡು ಬೆಕ್ಕು ಪೈಲ್ವಾನ. ಎರಡು ನಾಯಿಗಳನ್ನು ಬಂದರಿನಿಂದ ಶಾಶ್ವತವಾಗಿ ಓಡಿಸಿದ ಕೀರ್ತಿ ಅದರದು. ಗಾಜಿನೊಳಗೆ ಅದು ಮೈ ಉಬ್ಬಿಸಿ ಕೂತು ಎಲ್ಲರನ್ನೂ ತಿರಸ್ಕಾರದಿಂದ ನೋಡಿತು. ಮೂರು ನಿಮಿಷ ಕಳೆಯಿತು. ಎಂಬತ್ತೆಂಟು, ಕೆಂಪು.

"ಅಯ್ಯೋ, ಇವ ಸಾಯ್ಲಿಕ್ಕೆ ಬಿದ್ದಿದ್ದಾನಂತೆ!" ಎಂದು ಯಾರೋ ಕೂಗಿದರು. ಜಗಲಿಯಲ್ಲಿ ನಗೆ ಎದ್ದಿತು. ಹೊರಗೆ ಬಿಟ್ಟ ಕೂಡಲೇ ಪೈಲ್ವಾನ ಕಾಂಪೌಂಡ್ ಗೋಡೆಯನ್ನು ಒಂದೇ ನೆಗೆತಕ್ಕೆ ದಾಟಿ ಹೋದ.

ಎರಡನೆಯದಕ್ಕೆ ಎಪ್ಪತ್ತೊಂದು. ಮೂರನೆಯದು ನಾಲ್ಕು ಮರಿಗಳ ತಾಯಿ, ಅದಕ್ಕೆ ಎಂಬತ್ತಮೂರು. ಆಮೇಲೆ ಯಾರೂ ನಗಲಿಲ್ಲ. ಒಂದೊಂದೇ ಬುಟ್ಟಿ ಒಳಗೆ ಹೋಗಿ ಬರುತ್ತಿತ್ತು. ಹನ್ನೊಂದರಲ್ಲಿ ಒಂದೂ ಅರವತ್ತರ ಕೆಳಗೆ ಇಳಿಯಲಿಲ್ಲ. ಕೊನೆಗೆ ಪುರಾಣಿಕರ ಒಕ್ಕಣ್ಣ ಮುದುಕ ಬೆಕ್ಕನ್ನು ಕೂರಿಸಿದರು. ಅದು ಗಾಜಿನೊಳಗೇ ಮೂರು ಸಲ ಕೆಮ್ಮಿತು. ಇಪ್ಪತ್ತೆರಡು. ಹಸಿರು ದೀಪ.

ಡಾಕ್ಟರ್ ಜಾನೆಟ್ ಸ್ಟೂಲಿನ ಮೇಲೆ ಕೂತುಬಿಟ್ಟರು. ಹಸಿರು ದೀಪ ಅವರ ಕನ್ನಡಕದಲ್ಲಿ ಹೊಳೆಯುತ್ತಿತ್ತು.

"ಮೀನು," ಎಂದರು. "ಇದಕ್ಕೆ ಮೀನು ತಿನ್ನುವ ಬೆಕ್ಕನ್ನು ಯಾರೂ ತೋರಿಸಿಯೇ ಇಲ್ಲ."

ಇಲ್ಲಿಯವರೆಗೆ ಮೂಲೆಯಲ್ಲಿ ನಿಂತಿದ್ದ ಲಚ್ಚಿಯಕ್ಕ ಮುಂದೆ ಬಂದಳು. ಅವಳ ಕೈಯಲ್ಲಿ ಬುಟ್ಟಿ ಇರಲಿಲ್ಲ.

"ಡಾಕ್ಟ್ರಮ್ಮ, ಹಾಗಾದ್ರೆ ನನ್ನ ಕರಿಯನಿಗೆ ಎಂತ ಆಗಿತ್ತು?"

ಡಾಕ್ಟರು ತಲೆ ಎತ್ತಿದರು.

"ಊಟ ಬಿಟ್ಟಿತ್ತು ಅಂತ ಕರ್ಕೊಂಡು ಬಂದೆ. ಮೂರು ಸಲ ಕೆಂಪು ಬಂತು. ನೀವು ಹೇಳಿದ್ರಿ, ಕರುಣೆ ಅಂತ. ನಾನೇ ಹಿಡ್ಕೊಂಡು ಕೂತೆ, ನೀವು ಚುಚ್ಚಿದ್ರಿ. ಅದಕ್ಕೆ ನಿಜವಾಗಿ ಕಾಯಿಲೆ ಇತ್ತಾ, ಇಲ್ವಾ?"

ಡಾಕ್ಟರು ಆಗ ಸುಳ್ಳು ಹೇಳಬಹುದಿತ್ತು. ಇತ್ತು ಎಂದಿದ್ದರೆ ಮುದುಕಿಗೆ ಸಮಾಧಾನವಾದರೂ ಆಗುತ್ತಿತ್ತು.

"ಗೊತ್ತಿಲ್ಲ ಲಚ್ಚಿಯಕ್ಕ," ಎಂದರು. "ನನಗೆ ಗೊತ್ತಿಲ್ಲ. ನಾನು ಮುಟ್ಟಿಯೂ ನೋಡ್ಲಿಲ್ಲ."

ಲಚ್ಚಿಯಕ್ಕ ಬೈಯಲಿಲ್ಲ, ಅಳಲಿಲ್ಲ. ಭುಜಂಗನ ಎದೆಗಪ್ಪಿದ್ದ ಬುಟ್ಟಿಯನ್ನು ಕಿತ್ತುಕೊಂಡು ತಂದು ಮೇಜಿನ ಮೇಲೆ ಕುಕ್ಕಿದಳು.

"ಇದನ್ನಾದ್ರೂ ಮುಟ್ಟಿ ನೋಡಿ."

ಡಾಕ್ಟರು ಎದ್ದು ಕೈ ತೊಳೆದರು. ಬಂಗುಡೆಯನ್ನು ಮೇಜಿನ ಮೇಲೆ ನಿಲ್ಲಿಸಿ, ಕಣ್ಣು ಮುಚ್ಚಿ, ಎರಡೂ ಕೈಗಳಿಂದ ಅದರ ಹೊಟ್ಟೆಯನ್ನು ಮೆಲ್ಲಗೆ ತಡಕಿದರು. ನಾಲಗೆ ನೋಡಿದರು. ಹಲ್ಲು ನೋಡಿದರು. ಕಪಾಟಿನ ತಳದಿಂದ ಹಳೆಯ ಸೂಕ್ಷ್ಮದರ್ಶಕವನ್ನು ಎಳೆದು ಧೂಳು ಊದಿದರು. ರಕ್ತ ತೆಗೆಯುವಾಗ ಬಂಗುಡೆ ಅವರ ಮುಂಗೈಯನ್ನು ಉದ್ದಕ್ಕೂ ಪರಚಿತು. ಡಾಕ್ಟರು ಆ ಗಾಯ ತನಗೆ ಸಲ್ಲಬೇಕಾದ್ದೇ ಎಂಬಂತೆ ನೋಡಿಕೊಂಡರು. ಒಂದೂವರೆ ಗಂಟೆ ಹಿಡಿಯಿತು. ಹೆಂಗಸರು ಯಾರೂ ಮನೆಗೆ ಹೋಗಲಿಲ್ಲ.

"ಎಡದ ಕಿಡ್ನಿ ಸಣ್ಣದಾಗಿದೆ," ಎಂದರು ಕೊನೆಗೆ. "ಅದು ನಿಜ. ಬಲದ್ದು ಸರಿ ಇದೆ ಅಂತ ಕಾಣ್ತದೆ. ಒಸಡಲ್ಲಿ ಕೀವು ಉಂಟು, ಊಟ ಬಿಟ್ಟದ್ದು ಅದಕ್ಕೂ ಇರಬಹುದು. ಮದ್ದು ಕೊಡ್ತೇನೆ. ಉಪ್ಪುಮೀನು ಬೇಡ."

"ಎಷ್ಟು ದಿನ ಬದುಕ್ತದೆ?" ಎಂದು ಕೇಳಿದವನು ಭುಜಂಗ.

"ಎರಡು ತಿಂಗಳು ಇರಬಹುದು. ಆರು ವರ್ಷವೂ ಇರಬಹುದು. ಗೊತ್ತಿಲ್ಲ."

ಪ್ರಫುಲ್ಲಾ ಎಷ್ಟೋ ದಿನದ ಮೇಲೆ ಪೂರ್ತಿ ಉಸಿರು ಬಿಟ್ಟಳು. ಆ ಕಟ್ಟಡದೊಳಗೆ ಅವಳು ಕೇಳಿದ ಮೊದಲ ನಂಬಬಹುದಾದ ಮಾತು ಅದು.

ಸೋಮವಾರ ಜಿಲ್ಲಾ ಕಚೇರಿಯಿಂದ ಅಧಿಕಾರಿಯೊಬ್ಬರು ಫೋನು ಮಾಡಿ ಡಾಕ್ಟರಿಗೆ ಚೀಟಿ ತೆಗೆಯಲು ಹೇಳಿದರಂತೆ. ಡಾಕ್ಟರು, ಅದನ್ನು ಹಾಕಿದವರನ್ನೇ ಕೇಳಿ, ಎಂದರಂತೆ. ಅಧಿಕಾರಿ ಕಂಟ್ರೋಲ್ ರೂಮಿಗೇ ಫೋನು ಮಾಡಿದರು. ಪ್ರಫುಲ್ಲಾ ಮೀಟರುಗಳ ಮೇಲೆ ಕಣ್ಣಿಟ್ಟುಕೊಂಡೇ ಮಾತಾಡಿದಳು.

"ತೆಗೀಲಿಕ್ಕೆ ಒಂದು ಪದ್ಧತಿ ಉಂಟು ಸಾರ್. ನಮ್ಮ ಕರಾವಳಿಯ ಸಾವಿರ ಬೆಕ್ಕಿನ ಉಸಿರು ಅದಕ್ಕೆ ಕಲಿಸಿ. ಮತ್ತೆ ನಾಲ್ಕನೇ ದೀಪ ಒಂದು ಇಡಿ, ಬಿಳಿಯದ್ದು, ಗೊತ್ತಿಲ್ಲ ಅಂತ ಹೇಳ್ಲಿಕ್ಕೆ. ಆಮೇಲೆ ಪೈಲ್ವಾನನನ್ನು ಕರ್ಕೊಂಡು ಬರ್ತೇವೆ. ಅವನಿಗೆ ಹಸಿರು ಬಂದ್ರೆ ನಾನೇ ಬಂದು ಚೀಟಿ ತೆಗೀತೇನೆ."

"ಯಾರು ಪೈಲ್ವಾನ?"

"ಗೊತ್ತಿರುವ ಬೆಕ್ಕು."

ಅಧಿಕಾರಿ ಫೋನು ಇಟ್ಟರು. ಅದೇ ವಾರ ಮನೆಗೆ ಒಂದು ನಮೂನೆ ಬಂತು. ಮೂರನೇ ಭೇಟಿಯ ಅಂಕ ದಾಖಲಾಗಿಲ್ಲ. ಪ್ರಾಣಿಯ ಸ್ಥಿತಿ ಹಸಿರೋ ಹಳದಿಯೋ ಕೆಂಪೋ ತಿಳಿಸತಕ್ಕದ್ದು. ಕೆಳಗೆ ಮೂರು ಚೌಕ. ಪ್ರಫುಲ್ಲಾ ಅದನ್ನು ಅಡುಗೆಮನೆಯ ನೆಲದ ಮೇಲೆ ಹರಡಿಕೊಂಡು ಕೂತಳು. ಎದುರಿಗೆ ಭುಜಂಗ ಬಂಗುಡೆಗೆ ಮೊಸರನ್ನ ಉಣಿಸುತ್ತಿದ್ದ. ಅದು ಎರಡು ತುತ್ತು ತಿಂದಿತು, ಮೂರನೆಯದನ್ನು ಅವನ ಬೆರಳಿಗೇ ಒರೆಸಿತು. ಆಮೇಲೆ ಸೋತ ಕಾಲುಗಳ ಮೇಲೆ ಎದ್ದು, ತೂರಾಡುತ್ತಾ, ಒಣ ಮೀನಿನ ಡಬ್ಬಿಯಿದ್ದ ಕಪಾಟಿನ ಬುಡಕ್ಕೆ ಹೋಗಿ ನಿಂತು, ಅದನ್ನು ಈಗಲೇ ತೆರೆಯಬೇಕೆಂದು ಗಂಟಲು ಹರಿಯುವಂತೆ ಕೂಗತೊಡಗಿತು.

"ಆಗ್ಲಿಕ್ಕಿಲ್ಲ," ಎಂದ ಭುಜಂಗ. ಬೆಕ್ಕು ಇನ್ನೂ ಜೋರಾಗಿ ಕೂಗಿತು.

ಪ್ರಫುಲ್ಲಾ ಮೂರು ಚೌಕಗಳನ್ನೂ ಅಡ್ಡಕ್ಕೆ ಗೀಟು ಹಾಕಿ ಹೊಡೆದಳು. ಅವುಗಳ ಕೆಳಗೆ, ಕಂಟ್ರೋಲ್ ರೂಮಿನ ದಿನಚರಿಯಲ್ಲಿ ಬರೆಯುವಂಥದೇ ದಪ್ಪ ಅಕ್ಷರದಲ್ಲಿ, ಬರೆದಳು: ಗೊತ್ತಿಲ್ಲ. ಕೈಯಿಂದ ಪರೀಕ್ಷಿಸಲಾಗಿದೆ. ಬದುಕಿದೆ. ತನ್ನ ಸಹಿ ಹಾಕಿ, ಕಾಗದವನ್ನು ಭುಜಂಗನ ಕಡೆ ತಳ್ಳಿದಳು. ಅವನು ಮೊಸರಿನ ಬೆರಳನ್ನು ಲುಂಗಿಗೆ ಒರೆಸಿಕೊಂಡು, ಅವಳ ಸಹಿಯ ಕೆಳಗೆ ತನ್ನದನ್ನೂ ಹಾಕಿದ.